ಅವ್ವನ ರೆಪ್ಪೆ ಎತ್ತಿದ ಐಸ್‌ಕ್ಯಾಂಡಿ

ಕಿತ್ತಳೆ ಐಸ್‌ಕ್ಯಾಂಡಿಯ ವಾಸನೆ ಬಂದರೆ ಈಗಲೂ ಗಂಗಾವತಿಯ ಆ ಮಧ್ಯಾಹ್ನ ಕಣ್ಣಮುಂದೆ ನಿಲ್ಲುತ್ತದೆ.

ಬಾಳೆಹಣ್ಣು ಮಾರುತ್ತಿದ್ದ ಅವ್ವನಿಗೆ ಹೊತ್ತೇರಿದಂತೆ ಎಡಗಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು. ಮುಂಜಾನೆ ದವಾಖಾನೆಗೆ ಹೋದರೆ ಕಣ್ಣು ನೆಟ್ಟಗಿರುತ್ತಿತ್ತು. ಡಾಕ್ಟರು ಏನೂ ಇಲ್ಲವೆಂದು ಕಳಿಸುತ್ತಿದ್ದರು.

"ಮಧ್ಯಾಹ್ನಕ್ಕಷ್ಟ ಬರೂ ರೋಗ ಯಾವೂರಾಗ ಐತಿ? ಸೋಗು!" ಎನ್ನುತ್ತಿದ್ದಳು ಅಜ್ಜಿ.

ಅಂದು ಸೆಕೆಗೆಂದು ಅವ್ವ ನನ್ನ ಐಸ್‌ಕ್ಯಾಂಡಿಯನ್ನು ಆ ರೆಪ್ಪೆಗೆ ಒತ್ತಿ, ಅರ್ಧ ಕರಗುವತನಕ ಹಿಡಿದಳು. ತೆಗೆದಾಗ ಕಣ್ಣು ಪೂರ್ತಿ ತೆರೆದಿತ್ತು.

"ಅಜ್ಜೀ, ಅವ್ವನ ಕಣ್ಣು ನೋಡು!"

ಅಜ್ಜಿ ಬಾಗಿ ನೋಡುತ್ತಿದ್ದಂತೆಯೇ ರೆಪ್ಪೆ ಮತ್ತೆ ಮೆಲ್ಲಗೆ ಇಳಿಯಿತು.

"ತಂಪು ತಾಗಿದ್ರ ಏಳತೈತಿ, ಬಿಟ್ರ ಬೀಳತೈತಿ, ಇದು ಸೋಗಲ್ಲ. ರೋಗ ಎದ್ದಾಗ ತೋರಸ್ಬೇಕು. ನಡಿಯವ್ವ, ಈಗ ಹೋಗೂನು," ಎಂದಳು ಅಜ್ಜಿ.

ಕೊತ್ತಂಬರಿಗೂ ಚೌಕಾಸಿ ಮಾಡುವ ಅಜ್ಜಿ, ರೆಪ್ಪೆ ಏಳುವುದನ್ನು ಡಾಕ್ಟರಿಗೆ ತೋರಿಸಲು ಇನ್ನೊಂದು ಐಸ್‌ಕ್ಯಾಂಡಿಯನ್ನು ಹೇಳಿದ ರೇಟಿಗೇ ಕೊಂಡಳು.