ಒಂದೇ ಬಾಚಣಿಗೆ

"ಇನ್ನು ಯಾರ ಮನೇದು ಬಾಕಿ?" ಎಂದು ಊರಿನ ಮಂತ್ರಗಾರ ಕಿಸಿಂಬಜ್ಜ ಕೇಳಿದಾಗ ಯೋಂಬೊ ಸೊಂಟಕ್ಕೆ ಸಿಕ್ಕಿಸಿದ್ದ ಬಾಳೆಎಲೆಯ ಪೊಟ್ಟಣ ತೆಗೆದುಕೊಂಡು ಮುಂದೆ ಬಂದಳು. ನೆರೆದ ಜನ ತಾವಾಗಿಯೇ ದಾರಿ ಬಿಟ್ಟರು. ಯೋಂಬೊಳ ನಾಲಿಗೆಗೆ ಹೆದರದವರು ಆ ಊರಿನಲ್ಲಿ ಇನ್ನೂ ಹಲ್ಲು ಮೂಡದ ಕೂಸುಗಳು ಮಾತ್ರ.

ಚಾಪೆಯ ಮೇಲೆ ಹೊಸ ನ್ಕಿಶಿ ನಿಂತಿದ್ದ, ಊರು ಕಾಯುವ, ಮಡಿಲು ತುಂಬುವ ಮರದ ಮೂರ್ತಿ. ಹಳೆಯವನನ್ನು ಗೆದ್ದಲು ತಿಂದು ಹಾಕಿತ್ತು. ಇವನನ್ನು ಕೆತ್ತಿದ ಯಾಂಬನ ಕೈಗೆ ಎಷ್ಟು ನಮಸ್ಕಾರ ಮಾಡಿದರೂ ಕಡಿಮೆಯೇ. ಚೌಕ ಗಲ್ಲ, ಮುಂದೆ ಚಾಚಿದ ಬಾಯಿ, ಮುಖಕ್ಕೆ ತಾಮ್ರದ ಪಟ್ಟಿ. ಉಬ್ಬಿದ ಹೊಟ್ಟೆಯನ್ನು ಎರಡೂ ಕೈಗಳಿಂದ ಬಸುರಿಯಂತೆ ಹಿಡಿದುಕೊಂಡಿದ್ದ. ಆದರೆ ಕೆತ್ತಿದ ಮಾತ್ರಕ್ಕೆ ಮರ ನ್ಕಿಶಿಯಾಗುವುದಿಲ್ಲ. ಕಿಸಿಂಬಜ್ಜ ಬೆಳಗಿನಿಂದ ಆ ಹೊಟ್ಟೆಯ ಗೂಡಿಗೆ ಮೊಸಳೆಯ ಹಲ್ಲು, ಚಿರತೆಯ ರೋಮ, ಆನೆ ತುಳಿದ ಮಣ್ಣು ತುಂಬುತ್ತಿದ್ದ. ಈಗ ಊರಿನ ಒಬ್ಬೊಬ್ಬರ ಕೂದಲಿನ ಸರದಿ. ಯಾರ ಕೂದಲು ಒಳಗೆ ಹೋಯಿತೋ ಅವರು ಅವನ ಮಕ್ಕಳು. ಅಂಟು ಮೆತ್ತಿ ಮುಚ್ಚಿದ ಮೇಲೆ ಕೆತ್ತಿದ ಯಾಂಬನೂ ಅವನನ್ನು ಮುಟ್ಟುವ ಹಾಗಿಲ್ಲ, ತೋಳಿಗೆ ಕಟ್ಟಿದ ಕೋಲುಗಳನ್ನು ಹಿಡಿದೇ ಎತ್ತಬೇಕು. ನಿನ್ನೆಯವರೆಗೆ ಕೋಳಿಗಳು ಅವನ ತಲೆಯ ಮೇಲೆ ಹತ್ತಿ ಕೂರುತ್ತಿದ್ದವು. ಇವತ್ತು ಒಂದೂ ಹತ್ತಿರ ಸುಳಿದಿರಲಿಲ್ಲ.

ಯೋಂಬೊ ಪೊಟ್ಟಣ ಬಿಚ್ಚಿದಳು. ಅವಳ ಮಗ ಎಬೊಂಡೊ ಬಗ್ಗಿ ನೋಡಿದ. ನರೆತ ಕೂದಲಿನ ಜೊತೆ ಕರಿಯ ಎಳೆಗಳು ಸುತ್ತಿಕೊಂಡು ಉಂಡೆಯಾಗಿದ್ದವು.

"ಅವ್ವಾ, ನಂದೊಂದು ನಿಂದೊಂದು ಎಳೆ ಸಾಕಾಗಿತ್ತಲ್ಲ. ಇದೇನು ಇಷ್ಟೊಂದು?"

"ಬಾಚಣಿಗೇಲಿ ಸಿಕ್ಕಿದ್ದನ್ನ ತಂದೆ."

"ಇದ್ರಲ್ಲಿ ಅವಳ್ದೂ ಇದೆ!"

ಅವಳು ಎಂದರೆ ಅವನ ಹೆಂಡತಿ ಲುಸಂಬ. ಎಲ್ಲರಿಗಿಂತ ಹಿಂದೆ, ತಾಳೆಮರದ ಬುಡದಲ್ಲಿ, ಪರವೂರಿನವಳ ಹಾಗೆ ನಿಂತಿದ್ದಳು. ಮದುವೆಯಾಗಿ ನಾಲ್ಕು ಮಳೆಗಾಲ ಕಳೆದರೂ ಮಡಿಲು ತುಂಬಿರಲಿಲ್ಲ. ಈ ಕೆಲಸ ಮುಗಿದ ಮರುದಿನವೇ ಅವಳನ್ನು ತವರಿಗೆ ಬಿಟ್ಟು, ಮದುವೆಗೆ ಕೊಟ್ಟ ಆಡುಗಳನ್ನು ವಾಪಸ್ ಹೊಡೆದುಕೊಂಡು ಬರುತ್ತೇನೆಂದು ಎಬೊಂಡೊ ಹಿರಿಯರ ಮುಂದೆ ಹೇಳಿಯಾಗಿತ್ತು. ಪಾಪ, ಗಂಟು ಕಟ್ಟಿಟ್ಟು ಬಂದಿದ್ದಳು ಹುಡುಗಿ. ಈ ವಿಷಯದಲ್ಲಿ ಯೋಂಬೊ ಮಾತ್ರ ತುಟಿ ಬಿಚ್ಚಿರಲಿಲ್ಲ. ಗಂಜಿ ಗಂಟಾಯಿತು, ಸೊಪ್ಪಿಗೆ ಉಪ್ಪು ಜಾಸ್ತಿಯಾಯಿತು ಎಂದು ದಿನವಿಡೀ ಸೊಸೆಯನ್ನು ಬೈಯುವವಳು ಇದೊಂದಕ್ಕೆ ಸುಮ್ಮನಿದ್ದಾಳಲ್ಲ ಎಂದು ಊರಿಗೆಲ್ಲ ಆಶ್ಚರ್ಯ. ಸಂಜೆಯಾದರೆ ಅದೇ ಸೊಸೆಯ ಮುಂದೆ ತಲೆಗೊಟ್ಟು ಕೂತು, "ಮೆಲ್ಲಗೆ ಎಳಿಯೇ! ತಲೆ ಅದು, ಆಡಿನ ಹಗ್ಗ ಅಲ್ಲ" ಎಂದು ಗೊಣಗುತ್ತ, ಜಡೆ ಮುಗಿಯುವುದರೊಳಗೆ ನಿದ್ದೆ ಹೋಗುವುದೂ ಊರಿಗೆ ಗೊತ್ತಿತ್ತು.

"ಹೊರಟು ನಿಂತೋಳ ಕೂದ್ಲು ಯಾಕವ್ವ? ಅದೂ ಬಂಜೇದು. ಇವನ ಶಕ್ತಿ ಹಾಳಾಗಲ್ವಾ?" ಎಂದ ಎಬೊಂಡೊ.

"ಉಂಡು ತೇಗಿದೋರಿಗೆ ಯಾರಾದ್ರೂ ಅಡಿಗೆ ಮಾಡ್ತಾರೇನೋ ಮಂಕೇ? ಮಕ್ಕಳಿಲ್ಲದೋರಿಗೆ ಅಲ್ಲದೆ ಇನ್ಯಾರಿಗೋ ಇವನು?"

"ಹಾಗಾದ್ರೆ ಅವಳ್ದನ್ನ ಆರಿಸಿ ಆಚೆ ಹಾಕು."

"ನೀನೇ ಆರಿಸು. ನಮ್ಮಿಬ್ರಿಗೂ ಒಂದೇ ಬಾಚಣಿಗೆ. ಕಪ್ಪಗಿರೋದೆಲ್ಲ ಅವಳ್ದು ಅನ್ಕೋಬೇಡ, ನನ್ನ ತಲೇಲೂ ಇನ್ನೂ ಕಪ್ಪಿದೆ!"

ಹೆಂಗಸರೆಲ್ಲ ಗೊಳ್ಳೆಂದರು. ಕಿಸಿಂಬಜ್ಜ ನಗಲಿಲ್ಲ. ಅವನು ಯೋಂಬೊಳ ಮುಖವನ್ನೊಮ್ಮೆ, ತಾಳೆಮರದ ಕಡೆಗೊಮ್ಮೆ ನೋಡಿದ. ಆಮೇಲೆ ಉಂಡೆಯನ್ನು ಹಾಗೇ ತಾಳೆಎಣ್ಣೆಯಲ್ಲಿ ಅದ್ದಿ, ಹೊಟ್ಟೆಯೊಳಗಿಟ್ಟು ಹೆಬ್ಬೆರಳಿನಿಂದ ಒತ್ತಿದ. ಬಿಸಿ ಅಂಟು ಸುರಿದ, ಮೇಲೊಂದು ಕವಡೆ ಕೂರಿಸಿದ. ತುಟಿ ಅಲುಗಿಸುತ್ತ ಆ ಮುಖದ ಮೇಲೆ ಉಸಿರು ಊದಿದ. ತಿಂಗಳುಗಟ್ಟಲೆ ಆ ಮರವನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಿದ್ದ ಯಾಂಬ ಎದ್ದು ಹಿಂದೆ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಇನ್ನು ಅದು ಅವನ ಮರವಲ್ಲ. ಅವನ ಕಣ್ಣು ತುಂಬಿದ್ದನ್ನು ನೋಡಿ ಎಷ್ಟೋ ಜನರ ಕಣ್ಣು ತುಂಬಿತು.

ನ್ಕಿಶಿಯನ್ನು ಕೋಲು ಹಿಡಿದು ಎತ್ತಿ, ಊರು ಸುತ್ತಿಸಿ, ಅವನ ಗುಡಿಸಲಿನಲ್ಲಿ ನಿಲ್ಲಿಸಿದ್ದಾಯಿತು. ಹೊತ್ತು ಇಳಿಯುವಾಗ ಎಬೊಂಡೊ ಲುಸಂಬಳ ಗಂಟನ್ನು ತಂದು ಅಂಗಳದಲ್ಲಿಟ್ಟ.

"ಎಲ್ಲ ಮುಗೀತಲ್ಲವ್ವ. ಬೆಳಿಗ್ಗೆ ಬೇಗ ಹೊರಡ್ತೀವಿ."

"ಹೊರಡಪ್ಪ, ಬೇಡ ಅಂದೋರ್ಯಾರು?" ಯೋಂಬೊ ಕಾಲು ಚಾಚಿ ಕೂತು ಜಡೆ ಬಿಚ್ಚತೊಡಗಿದಳು. "ಆದ್ರೆ ಕರ್ಕೊಂಡ್ ಬಂದ ಹಾಗೇ ಪೂರ್ತಿ ವಾಪಸ್ ಕೊಡು. ಹೋಗು, ಅವನ ಹೊಟ್ಟೆ ಬಿಚ್ಚಿ ಅವಳ ಕೂದ್ಲು ತಗೊಂಡ್ಬಾ."

ಎಬೊಂಡೊ ತಾಯಿಯನ್ನು ನೋಡಿದ. ಆಮೇಲೆ ಸರಸರ ನಡೆದು ಗುಡಿಸಲಿನ ಬಾಗಿಲಿಗೆ ಹೋಗಿ ನಿಂತ. ಒಳಗಿನ ಮಬ್ಬಿನಲ್ಲಿ ತಾಮ್ರದ ಮುಖ ಅವನನ್ನೇ ನೋಡುತ್ತಿತ್ತು. ಎರಡು ಮರದ ಕೈಗಳು ಹೊಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಎಬೊಂಡೊನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

ಅಂಗಳದಿಂದ ಬೈಗುಳ ಕೇಳಿಸಿತು. "ಮೆಲ್ಲಗೆ ಎಳಿಯೇ! ತಲೆ ಅದು, ಆಡಿನ ಹಗ್ಗ ಅಲ್ಲ."