ತಪ್ಪು ಜಾಗದಲ್ಲಿ ಎದ್ದ ಗೆರೆ

“ನಿಮ್ಮ ರಕ್ತಪರೀಕ್ಷೆಯ ಗೆರೆ ತಪ್ಪು ಜಾಗದಲ್ಲಿ ಎದ್ದಿದೆ ನೋಡಿ,” ಎಂದರು ಲ್ಯಾಬಿನ ಡಾಕ್ಟರಮ್ಮ, ಕಂಪ್ಯೂಟರ್ ಪರದೆಯ ಮೇಲೆ ಪೆನ್ನಿನ ತುದಿಯಿಟ್ಟು.

ಉದ್ಯಾನದಲ್ಲಿ ಹುಲ್ಲು ಕತ್ತರಿಸುವ ಕೆಲಸದಾಕೆ ಕುರ್ಚಿಯ ಅಂಚಿಗೆ ಸರಿದಳು. ಎಂಟು ತಿಂಗಳಿಂದ ಬಂದು ಹೋಗುವ ಜ್ವರ, ಮಂಡಿಯಲ್ಲಿ, ಬೆರಳ ಗಂಟುಗಳಲ್ಲಿ ನೋವು. ಇದಕ್ಕೆ ಮೊದಲು ಎರಡು ಸಲ ರಕ್ತ ಕೊಟ್ಟಿದ್ದಳು. ಎರಡು ಸಲವೂ ರಿಪೋರ್ಟಿನಲ್ಲಿ ‘ಇಲ್ಲ’ ಎಂದೇ ಬಂದಿತ್ತು. “ಖುಷಿ ಪಡೋದು ಬಿಟ್ಟು ಮುಖ ಯಾಕೆ ಹೀಗೆ ಮಾಡ್ಕೊಂಡಿದ್ದೀಯ?” ಎಂದಿದ್ದ ಗಂಡ. ಅವನಿಗೆ ಹೇಗೆ ಹೇಳುವುದು? ಈಚೆಗೆ ತಲೆ ಬಾಚುವಾಗ ಕೈ ಮೇಲೇಳದಿದ್ದರೆ, ಇದು ನಿಜವಾಗಿ ನೋಯುತ್ತಿದೆಯೋ, ನಾನೇ ನೋಯಿಸಿಕೊಳ್ಳುತ್ತಿದ್ದೇನೋ ಎಂದು ಕನ್ನಡಿಯಲ್ಲಿ ತನ್ನನ್ನೇ ಕದ್ದು ನೋಡುವ ಹಾಗಾಗಿತ್ತು.

ಪಕ್ಕದ ಕುರ್ಚಿಯಲ್ಲಿ ದೊಡ್ಡಕ್ಕ. ಉದ್ಯಾನದ ಮೇಲ್ವಿಚಾರಕಿಯನ್ನು ಎಲ್ಲರೂ ಕರೆಯುವುದು ಹಾಗೆಯೇ. ಈ ಸಲವೂ ‘ಇಲ್ಲ’ ಎಂದು ಬಂದರೆ ಇನ್ನು ರಜೆಯಿಲ್ಲ, ನಾಳೆಯಿಂದ ಆ ಜಾಗಕ್ಕೆ ಬೇರೆಯವಳು ಎಂದು ಖಡಾಖಂಡಿತವಾಗಿ ಹೇಳಿ, ಕಿವಿಯಾರೆ ಕೇಳಲೆಂದೇ ಜೊತೆಗೆ ಬಂದಿದ್ದಳು.

“ಬಗ್ಗೋ ಕೆಲಸ ಅಂದ ಕೂಡಲೇ ಇವಳ ಮಂಡಿ ರಜಾ ಹಾಕತ್ತಲ್ಲ, ಅದಕ್ಕೇನಾದ್ರೂ ಗೆರೆ ಇದ್ಯಾ ನೋಡಿ,” ಎಂದಳು ದೊಡ್ಡಕ್ಕ.

ಡಾಕ್ಟರಮ್ಮ ನಕ್ಕರು. “ಅದೇ ಹೇಳ್ತಿದ್ದೀನಿ. ಹುಲ್ಲಿನಲ್ಲಿರೋ ಉಣುಗು ಹುಳ ಕಚ್ಚಿ ಲೈಮ್ ಕಾಯಿಲೆ ಬಂದಿದ್ರೆ ಗೆರೆ ಇಲ್ಲಿ ಏಳಬೇಕು. ಇವರದ್ದು ಸ್ವಲ್ಪ ಈಚೆಗೇ ಎದ್ದಿದೆ. ಮೆಷಿನ್ ಏನೋ ಎಡವಟ್ಟು ಮಾಡಿದೆ ಅಂತ ‘ಇಲ್ಲ’ ಅಂತಲೇ ಬರೆದು ಕಳಿಸಿದ್ವಿ, ನಮ್ಮದೂ ತಪ್ಪು. ಮೂರನೇ ಸಲವೂ ಅಲ್ಲೇ ಎದ್ದಾಗ ಅನುಮಾನ ಬಂತು. ಒಂದೇ ಜಾಗದಲ್ಲಿ ಮೂರು ಸಲ ತಪ್ಪು ಮಾಡೋ ಶಿಸ್ತು ನಮ್ಮ ಮೆಷಿನ್‌ಗೆ ಎಲ್ಲಿಂದ ಬರಬೇಕು?”

ಆ ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದರಂತೆ. ಅಲ್ಲಿ ಸಿಕ್ಕಿದ್ದು ಲೈಮ್ ರೋಗಾಣುವಿನ ದಾಯಾದಿ. ಇದುವರೆಗೆ ಯಾರೂ ಕಾಣದ್ದು, ಯಾರೂ ಹೆಸರಿಡದ್ದು.

“ಪುರಾಣ ಸಾಕು ಡಾಕ್ಟರೇ. ಇವಳಿಗೆ ಕಾಯಿಲೆ ಇದೆಯೋ ಇಲ್ಲವೋ?”

“ಇದೆ.”

ಆ ಎರಡಕ್ಷರಕ್ಕೆ ಕೆಲಸದಾಕೆಯ ಕಣ್ಣು ತುಂಬಿಬಂತು. ಕಾಯಿಲೆ ಇದೆ ಎಂದು ಕೇಳಿ ಯಾರಾದರೂ ಇಷ್ಟು ಹಗುರಾಗುತ್ತಾರೆಯೇ ಎಂದು ನಾಚಿಕೆಯೂ ಆಯಿತು. “ವಾಸಿ ಆಗತ್ತಾ ಮೇಡಂ?”

“ಲೈಮ್ ರೋಗಾಣು ಸಾಯೋ ಮಾತ್ರೆಗೆ ಅದರ ದಾಯಾದಿನೂ ಸಾಯಬೇಕು. ಇವತ್ತೇ ಶುರು ಮಾಡೋಣ, ಗುಣ ಆಗತ್ತೆ ಅನ್ನೋ ನಂಬಿಕೆ ನನಗಿದೆ. ಅಂದ ಹಾಗೆ, ನಿಮ್ಮಲ್ಲಿ ಇನ್ಯಾರಿಗಾದ್ರೂ ಹೀಗೇ ನೋವಿದ್ಯಾ? ಇದ್ರೆ ಅವರನ್ನೂ ಈಗಲೇ ನೋಡಬಹುದು.”

“ಇಲ್ಲ ಮೇಡಂ. ನಂಗೊಬ್ಬಳಿಗೇ.”

ದೊಡ್ಡಕ್ಕ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದಳು. ಮರಳಿ ಬಂದು ಕುಳಿತು, ಸಮವಸ್ತ್ರದ ತೋಳಿನ ಗುಂಡಿಗೆ ಕೈಹಾಕಿದಳು. ಬೆರಳು ಮಡಿಸಲಾಗಲಿಲ್ಲ. ಇನ್ನೊಮ್ಮೆ ನೋಡಿದಳು, ಆಗಲಿಲ್ಲ. ಕೆಲಸದಾಕೆ ಒಂದು ಗಳಿಗೆ ಅವಳನ್ನೇ ದಿಟ್ಟಿಸಿ, ಆಮೇಲೆ ಬಗ್ಗಿ ತಾನೇ ಬಿಚ್ಚತೊಡಗಿದಳು. ಅವಳ ಬೆರಳಿಗೂ ಅದು ಸುಲಭವಿರಲಿಲ್ಲ.

“ಎಷ್ಟು ದಿನ ಆಯ್ತು ದೊಡ್ಡಕ್ಕ?”

“ಎರಡು ವರ್ಷ.” ದೊಡ್ಡಕ್ಕ ಗೋಡೆಯ ಕಡೆ ನೋಡುತ್ತಿದ್ದಳು. “ನಿಂದು ನಾಟಕ ಅಂತಾಗಿದ್ರೆ, ನಂಗೂ ಏನೂ ಇಲ್ಲ ಅಂತ ಇದ್ದುಬಿಡಬಹುದಿತ್ತು ಕಣೇ.”