ಆಯಿಯ ಬಳೆಯ ಪಿನ್ನು

ನೀರಲ್ಲಿ ನೆನೆದ ಪುಂಡಿ ದಂಟಿನ ಕೊಳೆತ ವಾಸನೆ ಬಂದರೆ ಈಗಲೂ ನಾನು ದಾರಿ ಬದಲಿಸುತ್ತೇನೆ.

ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಪುಂಡಿಯ ನಾರು ಬಿಡಿಸಲು ಹಳ್ಳದ ನಿಂತ ನೀರಿನಲ್ಲಿ ದಿನವಿಡೀ ಕೈಯಾಡಿಸುತ್ತಿದ್ದಳು. ದಂಟು ಗೀರಿದ ಗಾಯ ಮಾಯಲಿಲ್ಲ. ಬೆರಳಿನಿಂದ ಮೊಳಕೈವರೆಗೆ ಸಾಲಾಗಿ ಗಂಟುಗಳೆದ್ದವು. "ಮಹಾರೋಗ" ಎಂದಳು ಅಜ್ಜಿ, ನಮ್ಮ ಆಯಿ; ಅಂದರೆ ಕುಷ್ಠ. ಅಂದೇ ಚಿಗವ್ವನ ಹಾಸಿಗೆ, ಉಣ್ಣುವ ಗಂಗಾಳ ಎರಡೂ ದನದ ಕೊಟ್ಟಿಗೆ ಸೇರಿದವು. ಅವಳಿಗೆ ಮೇಲಿಂದ ರೊಟ್ಟಿ ಹಾಕುವವಳು ನಾನು. ಮುಟ್ಟದಂತೆ ಹಾಕುವುದು ನನಗೆ ಚೆನ್ನಾಗಿ ರೂಢಿಯಾಗಿತ್ತು.

ಎಂಟು ತಿಂಗಳ ಮೇಲೆ, ಚಿಗವ್ವನ ಬೆರಳುಗಳೂ ಸೆಟೆದುಕೊಂಡಾಗ, ಒಂದು ಮಧ್ಯಾಹ್ನ ಆಯಿ, ಚಿಗವ್ವ, ನಾನು ಮೂವರೂ ಜತ್ತ ಪಟ್ಟಣದ ಡಾಕ್ಟರರ ಮುಂದೆ ಕುಳಿತೆವು. ಅವರು ಚಿಗವ್ವನ ಕೈಯನ್ನು ಸೀದಾ ತಮ್ಮ ಕೈಗೆತ್ತಿಕೊಂಡರು. ನಾನು ಬೆಚ್ಚಿಬಿದ್ದೆ.

"ಆಯಿ, ಬಳಿಯಾಗಿನ ಪಿನ್ನ ಕೊಡ್ರಿ."

ನಮ್ಮ ಕಾಲಿನ ಮುಳ್ಳು ತೆಗೆಯಲೆಂದು ಆಯಿ ಸದಾ ಬಳೆಗೆ ಸಿಕ್ಕಿಸಿಕೊಂಡಿರುತ್ತಿದ್ದ ಪಿನ್ನು ಅದು. ಡಾಕ್ಟರು ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, "ಕಣ್ಣ ಮುಚ್ಚವಾ" ಎಂದು ಗಂಟಿನ ಮೇಲೆ ಮೆಲ್ಲಗೆ ಚುಚ್ಚಿದರು.

"ಅಯ್ಯವ್ವಾ!" ಚಿಗವ್ವ ಚೀರಿದಳು.

"ಮಹಾರೋಗ ಆಗಿದ್ರ ಚುಚ್ಚಿದ್ದು ತಿಳೀತಿದ್ದಿಲ್ಲ. ಇದು ಹೊಲಸು ನೀರಿನ ಹುಣ್ಣು. ಲಗೂನ ಬಂದಿದ್ರ ಬೆರಳು ಹಿಂಗ ಸೆಟೀತಿದ್ದಿಲ್ಲ."

"ಇಷ್ಟs ಏನ್ರಿ?" ಎಂದಳು ಚಿಗವ್ವ. "ಪಿನ್ನ ಮನ್ಯಾಗs ಇತ್ತಲ್ರಿ."

ಆಯಿ ಪಿನ್ನನ್ನು ತಿರುಗಿ ಬಳೆಗೆ ಸಿಕ್ಕಿಸಲು ನೋಡಿದಳು. ಆಮೇಲೆ ಡಾಕ್ಟರರ ಮೇಜಿನ ಮೇಲೆಯೇ ಇಟ್ಟುಬಿಟ್ಟಳು.

"ಬಾ ಕೂಸ" ಎಂದು ಚಿಗವ್ವ ಗಂಟೆದ್ದ ತನ್ನ ಆ ಕೈಯನ್ನೇ ನನ್ನತ್ತ ಚಾಚಿದಳು.

ನಾನು ಆಯಿಯ ಬೆನ್ನ ಹಿಂದೆ ಸರಿದೆ.